ಮಹಾವೀರಾಚಾರ್ಯರ ಮಾವಿನ ಲೆಕ್ಕ

ಸೇಡಂ ತಾಲೂಕಿನ ಮಳಖೇಡ ಈಗ ಕಾಗಿಣಾ ದಂಡೆಯ ಒಂದು ಊರು. 9ನೇ ಶತಮಾನದಲ್ಲಿ ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕನ್ನಡಕ್ಕೆ ಕವಿರಾಜಮಾರ್ಗ ಬಂತು. ಸುಮಾರು 850ರಲ್ಲಿ ಮಹಾವೀರಾಚಾರ್ಯರೆಂಬ ಜೈನ ಪಂಡಿತರಿಂದ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬಂತು. ಗ್ರಂಥದ ಆರಂಭದಲ್ಲಿ ಅವರು ಈ ದೊರೆಯನ್ನು ಹೊಗಳಿದ್ದಾರೆ. ತಮ್ಮ ಮನೆತನದ ಬಗ್ಗೆ ಮಾತ್ರ ಏನನ್ನೂ ಹೇಳಿಕೊಂಡಿಲ್ಲ.

ಅದಕ್ಕೂ ಮೊದಲು ಗಣಿತ ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿತ್ತು. ಆಚಾರ್ಯರು ಅದನ್ನೇ ಬೇರೆ ವಿಷಯವಾಗಿ ತೆಗೆದುಕೊಂಡರು. ಬಡ್ಡಿ, ಬಂಗಾರದ ಬೆರಕೆ, ಅಗೆದ ಹಳ್ಳದ ಅಳತೆ, ನೆರಳು, ಎಲ್ಲವೂ ಅಲ್ಲಿ ಲೆಕ್ಕವಾದವು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು.

ಸಂಖ್ಯೆಗಳೊಡನೆ ಆಡುವುದೆಂದರೆ ಅವರಿಗೆ ಬಲು ಇಷ್ಟವಿದ್ದಿರಬೇಕು. 152207ನ್ನು 73ರಿಂದ ಗುಣಿಸಿದರೆ 11111111. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಮಾವಿನ ಲೆಕ್ಕ ಇನ್ನೂ ಸೊಗಸು. ಅರಸ ಹಣ್ಣುಗಳಲ್ಲಿ ಆರನೇ ಒಂದು ಭಾಗ ತೆಗೆದುಕೊಂಡ, ಉಳಿದುದರಲ್ಲಿ ರಾಣಿ ಐದನೇ ಒಂದು ಭಾಗ, ಮುಂದೆ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು ಉಳಿದುದರಲ್ಲಿ ಕಾಲು, ಮೂರನೇ ಒಂದು, ಅರ್ಧ. ಕಿರಿಯ ಮಗುವಿಗೆ ಮೂರು ಹಣ್ಣು ಉಳಿದವು. ಮೊದಲು ಎಷ್ಟಿದ್ದವು?

ಎಂ.ಕೆ. ಹುಬ್ಬಳ್ಳಿ ಸಮೀಪದ ಶಾಲೆಯೊಂದರ ಐದನೇ ತರಗತಿಯಲ್ಲಿ ಅಭ್ಯಾಸ ಪಾಠಕ್ಕೆ ನಾನು ಇದನ್ನೇ ಒಯ್ದೆ. ಪಾಠಯೋಜನೆಯಲ್ಲಿ ಭಿನ್ನರಾಶಿಯ ಹಂತಗಳನ್ನು ಬರೆದಿದ್ದೆ. ಮಕ್ಕಳು ಹುಣಸೆಬೀಜ ಇಟ್ಟುಕೊಂಡು ಹಿಂದಿನಿಂದ ಹೊರಟರು: 3, 6, 9, 12, 15, 18. ಎಲ್ಲರಿಗೂ ಮೂರು ಮೂರೇ ಸಿಕ್ಕಿವೆ ಎಂದು ಅವರೇ ಕಂಡುಕೊಂಡರು. ನನ್ನ ಯೋಜನೆಯಲ್ಲಿ ಅದು ಇರಲಿಲ್ಲ.

ಆ ಹುರುಪಿನಲ್ಲಿ, 18 ಹಣ್ಣನ್ನು ಸೊನ್ನೆ ಮಂದಿಗೆ ಹಂಚಿದರೆ ಎಂದು ಕೇಳಿಬಿಟ್ಟೆ. ಹಂಚಲೇ ಇಲ್ಲವಲ್ಲ, 18 ಹಾಗೇ ಇರ್ತಾವ್ರೀ ಅಂದಳು ಒಬ್ಬ ಹುಡುಗಿ. ತಪ್ಪು ಎಂದು ಹೇಳಿ ಮುಂದೆ ಹೋದೆ. ಅವಳು ಆಮೇಲೆ ಕೈ ಎತ್ತಲಿಲ್ಲ.

ರಾತ್ರಿ ಆಚಾರ್ಯರ ಬಗ್ಗೆ ಮತ್ತೆ ಓದುವಾಗ ಸಿಕ್ಕಿತು: ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದೇ ಅವರೂ ಬರೆದಿದ್ದರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸರಿಯಾಗಿ ಗುರುತಿಸಿದವರೂ ಅವರೇ.

ಮರುದಿನ ಆ ಹುಡುಗಿಗೆ ಇದನ್ನು ಹೇಳಿದೆ. ಆಮೇಲೆ, ಭಾಗಾಕಾರವೆಂದರೆ ಮತ್ತೆ ಮತ್ತೆ ಕಳೆಯುವುದಲ್ಲವೇ, 18ರಿಂದ ಸೊನ್ನೆಯನ್ನು ಎಷ್ಟು ಸಲ ಕಳೆದರೆ ಹಣ್ಣು ಮುಗಿಯುತ್ತವೆ ನೋಡು ಎಂದೆ. ಪಾಟಿಯ ಮೇಲೆ ಕಳೆಯುತ್ತ ಕೂತಳು. ಗಂಟೆ ಹೊಡೆದ ಮೇಲೂ ಕೂತೇ ಇದ್ದಳು.