ಪಾಲ್ ಲಾರೆನ್ಸ್ ಡನ್‌ಬಾರ್: ಎರಡು ನುಡಿಗಳ ನಡುವಿನ ಕವಿ

ಅಮೆರಿಕದ ಕಪ್ಪು ಜನಾಂಗದಿಂದ ಬಂದು ದೇಶವ್ಯಾಪಿ ಕೀರ್ತಿ ಪಡೆದ ಮೊದಲ ಕವಿಗಳಲ್ಲೊಬ್ಬರಾದ ಡನ್‌ಬಾರ್ 1872ರಲ್ಲಿ ಒಹಾಯೊ ರಾಜ್ಯದ ಡೇಟನ್ನಿನಲ್ಲಿ ಜನಿಸಿದರು. ತಂದೆತಾಯಿಗಳಿಬ್ಬರೂ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. 1890ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಕಪ್ಪು ಓದುಗರಿಗಾಗಿ ‘ಡೇಟನ್ ಟ್ಯಾಟ್ಲರ್’ ಪತ್ರಿಕೆ ಹೊರಡಿಸಿದರು. ಮುದ್ರಿಸಿಕೊಟ್ಟವರು ಮುಂದೆ ವಿಮಾನದಿಂದ ಹೆಸರಾದ ರೈಟ್ ಸಹೋದರರು. ಆರ್ವಿಲ್ ಇವರ ಸಹಪಾಠಿ. ಪತ್ರಿಕೆ ಬೇಗನೆ ನಿಂತಿತು. ಶಾಲೆ ಮುಗಿದ ಮೇಲೆ ಇಂಥ ಪ್ರತಿಭಾವಂತನಿಗೆ ದೊರೆತದ್ದು ಲಿಫ್ಟ್ ನಡೆಸುವ ಕೆಲಸ, ವಾರಕ್ಕೆ 4 ಡಾಲರ್ ಕೂಲಿ. ಮೊದಲ ಸಂಕಲನ ‘ಓಕ್ ಅಂಡ್ ಐವಿ’ಯನ್ನು ಸಾಲದ ಮೇಲೆ ಅಚ್ಚು ಹಾಕಿಸಿ, ಲಿಫ್ಟ್ ಏರಿದವರಿಗೇ ಪ್ರತಿಗೆ ಒಂದು ಡಾಲರಿನಂತೆ ಮಾರಿ ಋಣ ತೀರಿಸಿದರು.

1896ರಲ್ಲಿ ಖ್ಯಾತ ವಿಮರ್ಶಕ ಹೊವೆಲ್ಸ್ ಇವರನ್ನು ಕೊಂಡಾಡಿದರು. ಆದರೆ ಅವರಿಗೆ ಹಿಡಿಸಿದ್ದು ಮುಖ್ಯವಾಗಿ ಕಪ್ಪು ಜನರ ಆಡುನುಡಿಯ ಪದ್ಯಗಳು. ಅಲ್ಲಿಂದಾಚೆಗೆ ಸಭಿಕರೂ ಸಂಪಾದಕರೂ ಅವನ್ನೇ ಬೇಡಿದರು. ಡನ್‌ಬಾರರ ವಾಚನವು ಬರಿಯ ಓದಲ್ಲ, ಧ್ವನಿ ಹಾವಭಾವಗಳು ಬೆರೆತ ರಂಗಪ್ರದರ್ಶನ. 1897ರಲ್ಲಿ ಇಂಗ್ಲೆಂಡಿನಲ್ಲೂ ವಾಚಿಸಿದರು. ಶಿಷ್ಟ ಇಂಗ್ಲಿಷಿನ ಕವಿತೆಗಳನ್ನೇ ಮುಖ್ಯವೆಂದು ನಂಬಿದ್ದ ಅವರಿಗೆ ಆ ಹೊಗಳಿಕೆಯೇ ಬೇಲಿಯಾಯಿತು. ಅದರಿಂದ ತಮಗೆ ಕೇಡಾಯಿತೆಂದು ಪತ್ರವೊಂದರಲ್ಲಿ ನೊಂದು ಬರೆದರು. ಹಾಗೆಂದು ಆಡುನುಡಿಯ ಪದ್ಯಗಳನ್ನು ಹಗುರವಾಗಿ ಕಾಣುವುದೂ ಸಲ್ಲದು. ತಾಯಿ ಹೇಳುತ್ತಿದ್ದ ಕಥೆಗಳ ದನಿ ಅವುಗಳಲ್ಲಿದೆ.

ಕ್ಷಯರೋಗಕ್ಕೆ ತುತ್ತಾಗಿ 1906ರ ಫೆಬ್ರುವರಿ 9ರಂದು, ಆ ತಾಯಿಗಾಗಿ ಕೊಂಡಿದ್ದ ಡೇಟನ್ನಿನ ಮನೆಯಲ್ಲಿ ತೀರಿಕೊಂಡರು. ಆಗ ವಯಸ್ಸು 33.