ಇಷಿಯ ಬಿಲ್ಲು

ಬಿಲ್ಲುವಿದ್ಯೆಯೆಂದೊಡನೆ ನಮಗೆ ಅರ್ಜುನನೂ ಹಕ್ಕಿಯ ಕಣ್ಣೂ ನೆನಪಾಗುವುದು ಸಹಜ. ನನಗೆ ಕ್ಯಾಲಿಫೋರ್ನಿಯದ ಇಷಿ ನೆನಪಾಗುತ್ತಾನೆ.

ಬಿಳಿಯರ ಕೈಯಲ್ಲಿ ನಾಶವಾದ ಯಾಹಿ ಜನಾಂಗದಲ್ಲಿ ಉಳಿದವನು ಆತನೊಬ್ಬನೇ. 1911ರ ಆಗಸ್ಟಿನಲ್ಲಿ, ಹಸಿದು, ಓರೋವಿಲ್ ಊರಿನ ಕಸಾಯಿಖಾನೆಯ ಬಳಿ ಕಾಣಿಸಿಕೊಂಡನು. ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ; ಇಷಿ ಎಂದರೆ ಮನುಷ್ಯ, ಅಷ್ಟೆ. ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯ ಆತನ ಮನೆಯಾಯಿತು. ನೆರೆಯ ಆಸ್ಪತ್ರೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಶಿಷ್ಯನಾದನು.

ದೂರದ ಗುರಿಹಲಗೆಗೆ ಹೊಡೆಯುವುದರಲ್ಲಿ ಇಷಿ ಸಾಮಾನ್ಯನೇ. ಆತನ ವಿದ್ಯೆಯೆಲ್ಲ ಹತ್ತಿರ ಸೇರುವುದರಲ್ಲಿತ್ತು. ಮ್ಯೂಲ್ ಜಿಂಕೆಯ ಕಪ್ಪುಬಾಲದ ತಳಿ ಆ ಕಾಡಿನದು. ಅದರ ಮೂಗು ಬಲು ಚುರುಕು. ಆದ್ದರಿಂದ ಬೇಟೆಗೆ ಮುನ್ನ ಇಷಿ ಮೀನು ತಿನ್ನನು, ಹೊಗೆಸೊಪ್ಪು ಮುಟ್ಟನು. ತೊರೆಯಲ್ಲಿ ಮಿಂದು, ಪರಿಮಳದ ಎಲೆ ಉಜ್ಜಿಕೊಂಡು, ಬರಿಹೊಟ್ಟೆಯಲ್ಲಿ ಹೊರಡುವನು. ಮಡಿಸಿದ ಎಲೆಯನ್ನು ತುಟಿಗಳ ನಡುವೆ ಹಿಡಿದು ಮರಿಯಂತೆ ಕೂಗುವನು. ಒಮ್ಮೊಮ್ಮೆ ಒಳಗೆ ತುಂಬಿದ ಜಿಂಕೆಯ ತಲೆಯೊಂದನ್ನು ತಾನೇ ತೊಟ್ಟು ಪೊದೆಯ ಮೇಲೆ ಇಣುಕುವನು. (ಇಲ್ಲಿ ಮಾಯಾಮೃಗಕ್ಕೆ ಮರುಳಾಗುವುದು ಮೃಗವೇ!) ಕುಕ್ಕರಗಾಲಿನಲ್ಲಿ ಕುಳಿತೇ ಬಾಣ ಬಿಡುವನು. 1914ರ ಮೇ ತಿಂಗಳಲ್ಲಿ ಪೋಪ್ ಆತನೊಡನೆ ಡಿಯರ್ ಕ್ರೀಕಿನ ಆ ಕಾಡಿಗೇ ಹೋಗಿ ಇದನ್ನೆಲ್ಲ ಕಂಡನು. 1923ರಲ್ಲಿ ಪುಸ್ತಕವಾಗಿ ಬರೆದನು. ಅಮೆರಿಕದ ಬಿಲ್ಲುಬೇಟೆ ಮರುಹುಟ್ಟು ಪಡೆದದ್ದು ಅದರಿಂದ.

ಇಷಿ 1916ರ ಮಾರ್ಚ್ 25ರಂದು ಕ್ಷಯದಿಂದ ತೀರಿಕೊಂಡನು. ಗೆಳೆಯರು ಚಿತೆಯಲ್ಲಿ ಬಿಲ್ಲನ್ನೂ ಐದು ಬಾಣಗಳನ್ನೂ ಇಟ್ಟರು. ಮಿದುಳು ಮಾತ್ರ ವಾಷಿಂಗ್ಟನ್ನಿಗೆ ಹೋಯಿತು. 2000ದಲ್ಲಿ ಆತನ ನಂಟಿನ ಜನ ಅದನ್ನು ತಂದು ಮಣ್ಣುಮಾಡಿದರು.