ಜೆ.ಎಚ್. ಪಟೇಲ್: ನಿವೃತ್ತಿಯಿಲ್ಲದ ಹುದ್ದೆ, ಮೇಲ್ಮನವಿಯಿಲ್ಲದ ತೀರ್ಪು

ಚನ್ನಗಿರಿ, ಹೊನ್ನಾಳಿ ಮತ್ತು ಜಗಳೂರು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. 1997ಕ್ಕೆ ಮುನ್ನ ಮೊದಲೆರಡು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಆ ವರ್ಷ ಏಳು ಹೊಸ ಜಿಲ್ಲೆಗಳನ್ನು ರಚಿಸಿ ಈ ಊರುಗಳನ್ನು ಒಂದೇ ಆಡಳಿತದಡಿ ತಂದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜಯದೇವಪ್ಪ ಹಾಲಪ್ಪ ಪಟೇಲ್.

1930ರ ಅಕ್ಟೋಬರ್ 1ರಂದು ಜನಿಸಿದ ಪಟೇಲರು ಕಾನೂನು ಓದಿ, ಸಮಾಜವಾದಿ ಚಳವಳಿಯ ಮೂಲಕ ರಾಜಕೀಯಕ್ಕೆ ಬಂದರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ, ಆ ಸದನದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದ ಹೆಗ್ಗಳಿಕೆಗೆ ಪಾತ್ರರಾದರು.

ತುರ್ತು ಪರಿಸ್ಥಿತಿಯಲ್ಲಿ ಅವರು ಸೆರೆವಾಸ ಅನುಭವಿಸಿದರು. ಸರ್ಕಾರಿ ನೌಕರನೊಬ್ಬ 48 ಗಂಟೆಗೂ ಹೆಚ್ಚು ಕಾಲ ಬಂಧನದಲ್ಲಿದ್ದರೆ ಅಮಾನತುಗೊಂಡನೆಂದೇ ಸೇವಾ ನಿಯಮ ಭಾವಿಸುತ್ತದೆ. ಜನಪ್ರತಿನಿಧಿಗೆ ಅಂತಹ ನಿಯಮವಿಲ್ಲ. ಸೆರೆಮನೆ ಕಂಡ ಪಟೇಲರು 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆ ಪ್ರವೇಶಿಸಿದರು. ಆಳುವವರು ವಿರೋಧಿಗಳನ್ನು ಬಂಧಿಸಿದ ಮಾತ್ರಕ್ಕೆ ಅವರ ಸ್ಥಾನ ಕಸಿಯಲಾಗದು ಎಂಬುದೇ ಈ ವ್ಯತ್ಯಾಸದ ಸಮರ್ಥನೆ. ಆದರೆ ಅದೇ ರಕ್ಷಣೆ ಲಂಚದ ಆರೋಪ ಹೊತ್ತ ಶಾಸಕನಿಗೂ ದೊರೆಯುತ್ತದೆ. ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸುವವರೆಗೆ ಅವನ ಸ್ಥಾನಕ್ಕೆ ಚ್ಯುತಿಯಿಲ್ಲ. ತೀರ್ಪಿನ ಬಳಿಕವೂ ಮೇಲ್ಮನವಿಯ ನೆಪದಲ್ಲಿ ಸ್ಥಾನ ಉಳಿಸಿಕೊಳ್ಳುವ ಅವಕಾಶವನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿದ್ದು 2013ರಲ್ಲಿ.

1996ರ ಮೇ 31ರಂದು ಮುಖ್ಯಮಂತ್ರಿಯಾದಾಗ ಪಟೇಲರಿಗೆ 65 ವರ್ಷ. ಅವರ ಕಡತ ಹೊತ್ತು ತರುತ್ತಿದ್ದ ಗುಮಾಸ್ತ 58ಕ್ಕೇ ನಿವೃತ್ತನಾಗಬೇಕಿತ್ತು. ರಾಜ್ಯ ನೌಕರರ ನಿವೃತ್ತಿ ವಯಸ್ಸು 60ಕ್ಕೆ ಏರಿದ್ದು 2008ರಲ್ಲಿ. ಖಾಸಗಿ ಬದುಕಿನ ಬಗ್ಗೆ ಪಟೇಲರು ಮುಚ್ಚುಮರೆಯಿಲ್ಲದೆ ಮಾತನಾಡುತ್ತಿದ್ದರು. ರಾಜ್ಯ ಅದನ್ನು ನಗೆಯೊಡನೆ ಸ್ವೀಕರಿಸಿತು. ನೌಕರನಾದರೋ ಕಚೇರಿಯ ಹೊರಗೂ ನಡತೆ ನಿಯಮಗಳಿಗೆ ಬದ್ಧ. ಚುನಾವಣೆಗೆ ನಿಲ್ಲಬೇಕಾದರೆ ಆತ ಮೊದಲು ಕೆಲಸ ಬಿಡಬೇಕು.

ಹಾಗಾದರೆ ಪಟೇಲರನ್ನು ಕೇಳುವವರೇ ಇರಲಿಲ್ಲವೇ? ಇದ್ದರು. 1999ರ ಚುನಾವಣೆಯಲ್ಲಿ ಚನ್ನಗಿರಿಯ ಮತದಾರರು ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯನ್ನೇ ಸೋಲಿಸಿದರು. ನೌಕರನ ವಜಾಕ್ಕೆ ಮುನ್ನ ನೋಟಿಸು, ವಿಚಾರಣೆಗಳಿರುತ್ತವೆ. ಆಮೇಲೆ ಮೇಲ್ಮನವಿಯೂ ಇರುತ್ತದೆ. ಮತದಾರ ಕಾರಣವನ್ನೂ ಹೇಳಬೇಕಿಲ್ಲ. ಮರುವರ್ಷ, 2000ದ ಡಿಸೆಂಬರ್ 12ರಂದು ಪಟೇಲರು ನಿಧನರಾದರು.

ಮತಪೆಟ್ಟಿಗೆಯ ತೀರ್ಪು ಕಠಿಣವೇ ಸರಿ. ಆದರೆ ಅದು ಬರುವುದು ಐದು ವರ್ಷಕ್ಕೊಮ್ಮೆ. ನೌಕರನಾದರೋ ಹಾಜರಾತಿ ಪುಸ್ತಕಕ್ಕೆ ದಿನನಿತ್ಯವೂ ಉತ್ತರಿಸುತ್ತಾನೆ. ಎರಡು ಚುನಾವಣೆಗಳ ನಡುವಿನ ದಿನಗಳಲ್ಲಿ ಜನಪ್ರತಿನಿಧಿ ಯಾರಿಗೆ ಉತ್ತರಿಸಬೇಕು ಎಂಬ ಪ್ರಶ್ನೆ ಪಟೇಲರ ಕಾಲದಂತೆ ಇಂದಿಗೂ ಹಾಗೆಯೇ ಉಳಿದಿದೆ.